ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಏರು ಹತ್ತಿದ್ದು

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಸಾಲೆಯ ಪಿ.ಟಿ. ಮಾಸ್ತರರು ಎಲ್ಲೋ ಒಂದು ಶಿಬಿರಕ್ಕೆ ಹೋಗಿ ಬಂದವರೇ, ದೂರದ ಓಟಕ್ಕೆ ಗುಡ್ಡ ಹತ್ತುವುದೇ ಮದ್ದು ಎಂದು ಸಾರಿದರು. ಕೃಷ್ಣಾ ದಂಡೆಯ ನಮ್ಮೂರಲ್ಲಿ ಗುಡ್ಡ ಎಲ್ಲಿಂದ ತರುವುದು? ಇದ್ದದ್ದು ಮಾಸ್ತರರ ಹೊಟ್ಟೆಯೊಂದೇ, ಅದನ್ನು ಹತ್ತುವಂತಿರಲಿಲ್ಲ.

ಕೊನೆಗೆ ಹೊಳೆಯಿಂದ ಊರಿಗೆ ಏರುವ ರಸ್ತೆ ಅವರ ಕಣ್ಣಿಗೆ ಬಿತ್ತು. ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಅಲ್ಲಿ ಮುದಿ ಎಮ್ಮೆಯ ಹಾಗೆ ತೆವಳುತ್ತಿದ್ದವು. ಹಿಂದೆ ಓಡಿ ಕಬ್ಬು ಎಳೆದುಕೊಳ್ಳುವುದು ನಮ್ಮ ಕಡೆಯ ಮಕ್ಕಳ ಜನ್ಮಸಿದ್ಧ ಹಕ್ಕು. ಬೈಯುವುದು ಡ್ರೈವರನ ಹಕ್ಕು. ಮಾಸ್ತರರು ಈ ಕಳ್ಳತನಕ್ಕೇ ಕಾಯಿದೆ ಮಾಡಿದರು. ಕೆಳಗಿನಿಂದ ಟ್ರ್ಯಾಕ್ಟರ್ ಹಿಂದೆ ಓಡಬೇಕು, ಏರಿನ ತುದಿಯಲ್ಲೇ ಕಬ್ಬು ಎಳೆಯಬೇಕು, ಅಲ್ಲೇ ನಿಂತು ತಿನ್ನಬೇಕು, ಇಳಿದು ಬಂದು ಮುಂದಿನದನ್ನು ಹಿಡಿಯಬೇಕು. ತಾವು ಚಹಾದಂಗಡಿಯಲ್ಲಿ ಕೂತು, "ಮೊಣಕಾಲ ಎತ್ರಲೇ! ಸಣ್ಣ ಹೆಜ್ಜಿ ಹಾಕ್ರಿ!" ಎಂದು ಒದರುತ್ತಿದ್ದರು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಇದೇ ನಡೆಯಿತು. ನನ್ನ ತೊಡೆ ಗಟ್ಟಿಯಾದವು, ಹಲ್ಲೂ ಗಟ್ಟಿಯಾದವು.

ನನಗೆ ಅದು ಬರೀ ಆಟವಾಗಿರಲಿಲ್ಲ. ಹತ್ತನೆಯ ಇಯತ್ತೆಯಲ್ಲಿದ್ದೆ. ಮಿರಜ ಕಡೆಯ ಒಂದು ಗಂಡು ನನ್ನನ್ನು ನೋಡಿ ಹೋಗಿತ್ತು. ಮೊದಲು ಮೀಸೆ, ಹಿಂದಿನಿಂದ ಮನುಷ್ಯ. ನಾನು ಕಾಲೇಜಿಗೆ ಹೋಗುತ್ತೇನೆಂದು ಅತ್ತೆ. ಅಪ್ಪ, "ಚಿಕ್ಕೋಡಿ ಓಟದಾಗ ಪೈಲಾ ನಂಬರ ತಗೊಂಡ ಬಾ, ಕಲಿಸ್ತೀನಿ. ಇಲ್ಲಂದ್ರ ಅವ್ರಿಗೆ ಹೂಂ ಅಂತೀನಿ" ಎಂದ. ನಾನು ಸೋಲುತ್ತೇನೆಂಬ ಪೂರ್ತಿ ಭರವಸೆಯಿಂದ ಕೊಟ್ಟ ಮಾತದು.

ಸಂಕ್ರಾಂತಿ ಮುಗಿದ ಮೇಲೆ ಚಿಕ್ಕೋಡಿಯಲ್ಲಿ ಸಾಲೆಗಳ ಓಟ ನಡೆಯಿತು. ಅದರ ಕೊನೆಗೊಂದು ಏರು, ಅದರಾಚೆ ಸ್ವಲ್ಪ ಸಪಾಟು ರಸ್ತೆ. ಉಳಿದ ಹುಡುಗಿಯರು ಏರಿನಲ್ಲಿ ಏದುಸಿರು ಬಿಡುತ್ತಿದ್ದಾಗ ನಾನು ಒಬ್ಬೊಬ್ಬರನ್ನೇ ಹಿಂದೆ ಹಾಕಿ ಮೊದಲು ತುದಿ ಮುಟ್ಟಿದೆ. ಮುಟ್ಟಿ, ನಿಂತುಬಿಟ್ಟೆ. ಕಾಲು ತಾವಾಗಿಯೇ ನಿಂತವು. ಬಲಗೈ ಗಾಳಿಯಲ್ಲಿ ಕಬ್ಬು ಹುಡುಕಿತು. ಹಾಳು ಬಾಯಲ್ಲಿ ನೀರೂ ಬಂತು. ಅಷ್ಟರಲ್ಲಿ ಇಬ್ಬರು ನನ್ನನ್ನು ದಾಟಿ ಹೋದರು.

ಸೋತವಳನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಅಪ್ಪ ಅಲ್ಲೇ ರಸ್ತೆ ಪಕ್ಕದಲ್ಲಿದ್ದ. ಟೋಪಿ ಕಿತ್ತು ಬೀಸುತ್ತ, "ಯಾಕ ನಿಂತಿಲೇ? ಓಡ! ಮಾನ ಕಳೀತಿ ಏನ? ಓಡಲೇ!" ಎಂದು ಕಿರುಚಿದ. ಓಡಿದೆ. ಒಬ್ಬಳು ಸಿಕ್ಕಳು, ಇನ್ನೊಬ್ಬಳು ಸಿಗಲಿಲ್ಲ. ಎರಡನೆಯ ನಂಬರು.

"ಏರ ಮಾತ್ರ ಬರೋಬ್ಬರಿ ಹತ್ಯಾಳ್ರಿ" ಎಂದು ಮಾಸ್ತರರು ಅಪ್ಪನ ಕೈಗೆ ಸಿಗದಷ್ಟು ದೂರ ನಿಂತು ಹೇಳಿದರು.

ಮೋಟರ್‌ಸೈಕಲ್ಲಿನ ಮೇಲೆ ಅಪ್ಪ ನನ್ನನ್ನು ಕೂರಿಸಿಕೊಂಡು ಊರ ದಾರಿ ಹಿಡಿದ. ಹಿಂದೆ ಕೂತ ನನ್ನ ಕಣ್ಣ ಮುಂದೆ ಅದೇ ಮೀಸೆ. ನಮ್ಮೂರ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ತೆವಳುತ್ತಿತ್ತು. ಅಪ್ಪ ಗಾಡಿ ನಿಲ್ಲಿಸಿದ, ಧೋತರ ಎತ್ತಿ ಕಟ್ಟಿದ, ಹಿಂದೆ ಓಡಿ ಒಂದು ಕಬ್ಬು ಎಳೆದ. ಡ್ರೈವರ್ ಬೈದ. ಏದುಸಿರು ಬಿಡುತ್ತ ಬಂದ ಅಪ್ಪ ಅದನ್ನು ಮೊಣಕಾಲಿಗೆ ಕೊಟ್ಟು ಮುರಿದು, ಅರ್ಧ ನನ್ನ ಕೈಗಿಟ್ಟ.

"ಕಾಲೇಜಿನ ಓಟಕ್ಕ ಹೋಗೂವಾಗ ಮೊದ್ಲ ತಿಂದ ಹೋಗ."