ತಡೆದಿಟ್ಟ ಮೂರು ಪತ್ರಗಳು

ಅಕ್ಕಾ, ಸರ್ವರ್ ಕೆಟ್ಟಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಕಿಣ್ಣಿ ಸುಲ್ತಾನ ಊರಿನ ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು, ನಿಮ್ಮ ಮುಖ ನೋಡಿ—ಇಲ್ಲ, ಅದೂ ಸುಳ್ಳು, ನೆಲ ನೋಡುತ್ತ—ನಾನು ಹೇಳಿದ್ದು ಸುಳ್ಳು. ನಿಮ್ಮ ತಂಗಿ ಸುಜಾತಾ ಮೇಡಂ ಸೊಲ್ಲಾಪುರದ ಆಸ್ಪತ್ರೆಯಿಂದ ಬರೆದ ಮೂರು ಪತ್ರಗಳನ್ನು ತಡೆದವನು ನಾನೇ.

ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಗಣಿತ ಶಿಕ್ಷಕರು ಸೇರಿ ಒಂದು ಇಮೇಲ್ ಬಳಗ ಕಟ್ಟಿಕೊಂಡಿದ್ದೆವು. ಒಂದು ವಿಳಾಸಕ್ಕೆ ಬರೆದರೆ ಪತ್ರ ಎಲ್ಲರಿಗೂ ಹೋಗುತ್ತದೆ. ಅದನ್ನು ನಡೆಸುವ ತಂತ್ರಾಂಶವನ್ನು ನೋಡಿಕೊಳ್ಳುವವನು ನಾನು, ಆಳಂದದ ಮೇಷ್ಟ್ರು. ಯಾರ ಪತ್ರ ಮರಳಿ ಬಂತು, ಯಾರ ಅಂಚೆಪೆಟ್ಟಿಗೆ ತುಂಬಿತು, ಶಾಲೆ ಬಿಟ್ಟ ಮೇಲೆ ನನಗೆ ಅದೇ ಧ್ಯಾನ. "ಸರ್ ಅದಾರಲ್ಲ, ಚಿಂತಿ ಯಾಕ್ರಿ" ಎಂದು ಎಲ್ಲರೂ ಅನ್ನುತ್ತಿದ್ದರು. ಆ ಮಾತು ನನ್ನ ತಲೆಗೇರಿತ್ತು. ಕೇಳುವುದಿದ್ದರೆ ಒಬ್ಬೊಬ್ಬರಿಗೆ ಫೋನ್ ಮಾಡಿ ಕಾಡಬಾರದು, ಬಳಗಕ್ಕೇ ಬರೆಯಬೇಕು—ಈ ನಿಯಮ ಮಾಡಿದವನೂ ನಾನು. ಸುಜಾತಾ ಮೇಡಂ ಅದನ್ನು ಕಡೆಯ ತನಕ ಪಾಲಿಸಿದರು.

ಒಮ್ಮೆ ಹತ್ತನೇ ತರಗತಿಗೆಂದು ನಾನೊಂದು ಲೆಕ್ಕ ಕಳಿಸಿದೆ. ಐದು, ಏಳು, ಹದಿಮೂರು ಅಳತೆಯ ಬಾಹುಗಳ ತ್ರಿಕೋನ. ತಾವು ಕಲಿಸುತ್ತಿದ್ದ ಕರಜಗಿ ಶಾಲೆಯಿಂದ ಮೇಡಂ ಉತ್ತರ ಬರೆದರು: "ಸರ್, ಐದು-ಏಳು ಕೂಡಿದ್ರ ಹನ್ನೆರಡೇ ಆಗ್ತದರಿ. ಇಂಥಾ ತ್ರಿಕೋನ ಹುಟ್ಟೂದೇ ಇಲ್ಲ." ಅಷ್ಟೇ. ನಕ್ಕು ಬಿಡಬಹುದಾದ ಮಾತು. ಆದರೆ ಮುಂದಿನ ತರಬೇತಿಯಲ್ಲಿ ಜೇವರ್ಗಿಯ ಮಲ್ಲಿಕಾರ್ಜುನ ಸರ್ ಎಲ್ಲರೆದುರು, "ಏನ್ರೀ ಸರ್, ತ್ರಿಕೋನ ಹುಟ್ತೇನ್ರಿ? ತೊಟ್ಟಿಲಿಗಿ ಹಾಕೂದು ಯಾವಾಗ?" ಎಂದು ಕೇಳಿದಾಗ ಇಡೀ ಕೋಣೆ ನಕ್ಕಿತು. ಮೇಡಂ ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೆ ಮೈ ಉರಿಯಿತು.

ಅಂದು ಸಂಜೆ ಸದಸ್ಯರ ಪಟ್ಟಿ ತೆರೆದು ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿದೆ. ಆ ಗುರುತು ಇದ್ದವರ ಪತ್ರ, ನಾನು ಒಪ್ಪುವ ತನಕ ಯಾರಿಗೂ ಹೋಗುವುದಿಲ್ಲ. ತಂತ್ರಾಂಶ ನನಗಿಂತ ಪ್ರಾಮಾಣಿಕವಾದದ್ದು, ಅಕ್ಕಾ. ಪತ್ರ ಬರೆದವರಿಗೆ 'ನಿಮ್ಮ ಪತ್ರವನ್ನು ತಡೆಹಿಡಿಯಲಾಗಿದೆ' ಎಂದು ತಾನಾಗಿ ತಿಳಿಸುತ್ತದೆ. ಹೋಗಿ ಹೋಗಿ ಆ ಸೂಚನೆಯನ್ನೂ ನಾನು ನಿಲ್ಲಿಸಿದೆ. ಪತ್ರ ಹೋಯಿತು ಎಂದೇ ಅವರು ತಿಳಿಯಲಿ, ಯಾರೂ ಉತ್ತರ ಕೊಡುತ್ತಿಲ್ಲ ಎಂದು ಸ್ವಲ್ಪ ಒದ್ದಾಡಲಿ—ಎಂದು.

ನಮ್ಮ ಮನೆಯಲ್ಲಿ ಬಸವಣ್ಣನ ಫೋಟೋಕ್ಕೆ ದಿನಾ ಹೂವಿಡುತ್ತೇವೆ. ಅದೇ ತಪ್ಪನ್ನು ನಮ್ಮ ಪೈಕಿ ಯಾರಾದರೂ ತಿದ್ದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿತ್ತೆ? ನಿಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ ಎಂಬುದು ನನಗೆ ಗೊತ್ತಿತ್ತಲ್ಲ—ಈ ಪ್ರಶ್ನೆಯ ಉತ್ತರ ನನಗೆ ಗೊತ್ತು. ಬರೆಯಲು ಕೈ ಬರುತ್ತಿಲ್ಲ.

ನಾಲ್ಕು ದಿನದ ಶಿಕ್ಷೆ ಅಂದುಕೊಂಡಿದ್ದೆ. ಆಮೇಲೆ ಮರೆತೆ. ತಡೆದ ಪತ್ರಗಳ ಪಟ್ಟಿ ದಿನಾ ನನಗೆ ಬರುತ್ತಿತ್ತು. ಬಹುಪಾಲು ಕಸದ ಜಾಹೀರಾತುಗಳೇ ಎಂದು ತೆರೆಯುತ್ತಲೇ ಇರಲಿಲ್ಲ. ಹದಿನೈದು ದಿನ ಯಾರೂ ನೋಡದಿದ್ದರೆ ತಂತ್ರಾಂಶ ಅವನ್ನು ಅಳಿಸಿಬಿಡುತ್ತದೆ. ಮೇಡಂ ರಜೆಯ ಮೇಲಿದ್ದಾರೆ ಎಂದಷ್ಟೇ ಕೇಳಿದ್ದೆ. ಅವರ ಗಂಟಲಿನಲ್ಲಿ ಗಡ್ಡೆ ಬೆಳೆದದ್ದು, ಆಪರೇಷನ್ ಆಗಿ ದನಿಯೇ ಹೋದದ್ದು, ಅವರು ತೀರಿಕೊಂಡ ಮೇಲೆಯೇ ನನಗೆ ತಿಳಿಯಿತು.

ನಿಮ್ಮ ಮನೆಗೆ ಬಂದ ದಿನ ನೀವು ಕೇಳಿದಿರಿ: "ಒಬ್ರೂ ಯಾಕ ಬರ್ಲಿಲ್ರಿ ಸರ್? ಅಕಿ ಚೀಟಿ ಬರದು ಕೊಡ್ತಿದ್ಳು, ನಾ ಆಸ್ಪತ್ರಿ ಎದುರಿನ ಇಂಟರ್ನೆಟ್ ಅಂಗಡ್ಯಾಗ ಟೈಪ್ ಮಾಡ್ಸಿ ಕಳಸ್ತಿದ್ದೆ. ಉತ್ತರ ಬಂದದೇನು ಅಂತ ದಿನಾ ಹೋಗಿ ಕೇಳ್ತಿದ್ದೆ. ಅಕಿ ಬಾಗಲ ಕಡೀನೇ ಮಾರಿ ಮಾಡಿ ಮಲಗತಿದ್ಳು."

ಆ ಗುರುತು ಕಣ್ಣ ಮುಂದೆ ಬಂತು. "ಸರ್ವರ್ ಕೆಟ್ಟಿತ್ರೀ ಅಕ್ಕಾ. ಯಾರಿಗೂ ಮುಟ್ಟಿಲ್ಲ" ಎಂದೆ.

ನೀವು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ಸಮಾಧಾನ ಮಾಡಿದಿರಿ. "ಮಷೀನ್ ಕೆಟ್ಟಿತ್ತೇನ್ರೀ? ಹಂಗಾರ ಮಂದಿ ಕೆಟ್ಟಿರ್ಲಿಲ್ಲ ಬಿಡ್ರಿ. ಇದು ಅಕಿಗಿ ಗೊತ್ತಾಗಿದ್ರ ಸಮಾಧಾನಲಿಂದ ಹೋಗ್ತಿದ್ಳು." ಆಮೇಲೆ ಮೂರೂ ಚೀಟಿಗಳನ್ನು ನನ್ನ ಕೈಗಿಟ್ಟು, "ನಿಮ್ಮ ಮಂದಿಗಿ ಮುಟ್ಟಸ್ರಿ" ಎಂದಿರಿ. ಹೂಂ ಅಂದೆ. ಮುಟ್ಟಿಸಲಿಲ್ಲ. ಸರ್ವರ್ ಕೆಟ್ಟಿತ್ತು, ಸರಿಮಾಡಿದ್ದೇನೆ ಎಂದು ಬಳಗಕ್ಕೆ ಬರೆದೆ. ಎಲ್ಲರೂ ನನಗೆ ಧನ್ಯವಾದ ಹೇಳಿದರು. ಥೂ ನನ್ನ ಜನ್ಮಕ್ಕಿಷ್ಟು.

ಮೊದಲ ಚೀಟಿ: 'ಕರಜಗಿಯ ನನ್ನ ಮಕ್ಕಳಿಗೆ ವೃತ್ತದ ಪಾಠ ಉಳಿದಿದೆ. ಯಾರಾದರೂ ಒಂದು ವಾರ ಹೋಗಿ ಕಲಿಸುವಿರಾ?' ಎರಡನೆಯದು: 'ಸೊಲ್ಲಾಪುರದ ಕಡೆ ಬಂದರೆ ನನ್ನನ್ನು ನೋಡಿ ಹೋಗಿರಿ. ನನಗೆ ಮಾತಾಡಲಾಗದು. ಸುಮ್ಮನೆ ಕೂತು ಹೋದರೂ ಸಾಕು.' ಮೂರನೆಯದರಲ್ಲಿ ಅಕ್ಷರ ನಡುಗಿವೆ: 'ಯಾರೂ ಉತ್ತರಿಸದಂಥ ತಪ್ಪು ನಾನೇನು ಮಾಡಿದೆನೋ ತಿಳಿಯದು. ತ್ರಿಕೋನದ ಮಾತಿಗೆ ಸರ್ ನೊಂದಿದ್ದರೆ, ಎಲ್ಲರೆದುರು ಕ್ಷಮೆ ಕೇಳುತ್ತೇನೆ.'

ಅವರು ನನ್ನ ಕ್ಷಮೆ ಕೇಳಿದರು, ಅಕ್ಕಾ. ಆ ಪತ್ರವನ್ನೂ ನಾನು ತಡೆದಿದ್ದೆ.

ಇಂದು ಬೆಳಿಗ್ಗೆ ಮೂರೂ ಚೀಟಿಗಳನ್ನು, ಮೇಲಿನ ತಾರೀಖು ಸಮೇತ, ಇದ್ದ ಹಾಗೆಯೇ ಟೈಪ್ ಮಾಡಿ ಬಳಗಕ್ಕೆ ಕಳಿಸಿದೆ. ಕೆಳಗೆ ನಾನು ಮಾಡಿದ್ದನ್ನೂ ಬರೆದೆ. ಬಳಗದ ಉಸ್ತುವಾರಿ ಬಿಟ್ಟುಕೊಟ್ಟೆ. ಮಧ್ಯಾಹ್ನದಿಂದ ಉತ್ತರಗಳು ಬರುತ್ತಿವೆ. ಹೆಚ್ಚಿನವು ಬೈಗುಳ, ನನಗೆ ಸಲ್ಲಬೇಕಾದವೇ. ನಾಳೆ ಅಷ್ಟನ್ನೂ ಮುದ್ರಿಸಿಕೊಂಡು, ಚೀಟಿಗಳ ಜೊತೆ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಡಿ. ಹೊಸಿಲಾಚೆ ನಿಂತು ಒಂದೊಂದಾಗಿ ಓದಿ ಹೋಗುತ್ತೇನೆ.

ಮಲ್ಲಿಕಾರ್ಜುನ ಸರ್ ನನಗೆ ಬೈದಿಲ್ಲ. ಅವರು ಬರೆದದ್ದು ಇಷ್ಟೇ: "ಎರಡನೇ ಚೀಟಿ ಮ್ಯಾಲಿನ ತಾರೀಖಿನ ವಾರ ನಾ ಸೊಲ್ಲಾಪುರದಾಗೇ ಇದ್ದೆ. ಮಗಳ ಮದುವಿ ಬಟ್ಟಿ ತರಾಕ ಹೋಗಿದ್ದೆ. ಎರಡು ದಿನ ಇದ್ದೆ."