ಅತ್ತೆ ಉಡದ ಬಟ್ಟೆ

ನಮ್ಮತ್ತೆ ಉಗೊಯೆ ದನಿ ಎತ್ತಿ ಜಗಳವಾಡಿದವರಲ್ಲ. ಬೇಡ ಅನ್ನಿಸಿದ್ದನ್ನು ಬದಿಗಿಟ್ಟು ಸುಮ್ಮನೆ ಗೆಣಸು ಸುಲಿಯಲು ಕೂರುತ್ತಿದ್ದರು. ಅದು ಜಗಳಕ್ಕಿಂತ ಕಷ್ಟ, ಸೊಸೆಯಾದ ನನಗೆ ಗೊತ್ತು.

ಲಾಗೋಸ್, ಅಬುಜಾ, ಎಲ್ಲಿದ್ದರೂ ನಮ್ಮೂರ ಹೆಂಗಸರು ಆಗಸ್ಟಿನ ಸಭೆಗೆ ಬರಲೇಬೇಕು, ಎಲ್ಲರೂ ಒಂದೇ ಬಟ್ಟೆ ಉಡಬೇಕು. ನೈಜೀರಿಯದಿಂದ ಬೇರೆಯಾಗಲು ನಲವತ್ತು ವರ್ಷದ ಹಿಂದೆ ಬಿಯಾಫ್ರ ಯುದ್ಧ ಮಾಡಿ ಸೋತಿದ್ದ ನಮ್ಮ ದಂಡನಾಯಕನನ್ನು ಆ ವರ್ಷ ಮಣ್ಣು ಮಾಡಿದ್ದರು. ಅಧ್ಯಕ್ಷೆ ಅಡಾಕು ಅವನ ಗಡ್ಡದ ಮುಖ ಅಚ್ಚು ಹಾಕಿಸಿದ ಬಟ್ಟೆ ತಂದಳು. ಹಿರಿಯರಾದ ಅತ್ತೆ ಅದನ್ನುಟ್ಟು ಎಲ್ಲರ ಮುಂದೆ ಕುಣಿಯಬೇಕಿತ್ತು.

"ಇದನ್ನುಟ್ಟು ಕೂತ್ರೆ ಅವನ ಮುಖ ಎಲ್ಲಿಗೆ ಬರುತ್ತೆ ನೋಡಿದ್ಯೇನೇ?" ಅಂದರು ಅತ್ತೆ.

ಅಡಾಕು ನಗಲಿಲ್ಲ. "ಇದನ್ನ ಉಡದಿದ್ರೆ ಹೆಂಗಸ್ರು ನಿಮ್ಮ ಮಣ್ಣಿಗೆ ಬರಲ್ಲ ಅಮ್ಮ. ನಿಯಮ ನಿಮಗೆ ನಾನು ಹೇಳ್ಬೇಕಾ?"

ನನಗೆ ಮೈ ಉರಿಯಿತು. ಎದೆನೋವಿನ ಮುದುಕಿಗೆ ಹೇಳುವ ಮಾತೇ ಇದು? ಹೆಂಗಸರು ಹಾಡಿ ಕಳಿಸದ ಸಾವು ನಮ್ಮಲ್ಲಿ ಸಾವೇ ಅಲ್ಲ. ಅತ್ತೆಗೆ ಆಗ ಉಳಿದಿದ್ದ ಆಸೆ ಅದೊಂದೇ.

ಸಂಜೆ ನನ್ನ ಗಂಡ ಇಕೆಂಗಾ ಬುದ್ಧಿ ಹೇಳಲು ಕೂತ. "ದಂಡನಾಯಕರು ಎದುರು ನಿಲ್ದೇ ಇದ್ದಿದ್ರೆ ಸರ್ಕಾರದ ಸೈನ್ಯದೋರು ನಮ್ಮನ್ನ ಹುಳದ ಹಾಗೆ ಹೊಸಕಿ ಹಾಕ್ತಿದ್ರು ಅಮ್ಮ."

"ಹೌದಪ್ಪ, ನಿಂತ. ಸುಳ್ಳು ಯಾಕೆ ಹೇಳ್ಲಿ? ಶತ್ರು ನೆಲ ದಾಟಿ ರಸ್ತೆ ಮೇಲೆ ಬರೋ ಪರಿಹಾರದ ಊಟ ಬೇಡ, ವಿಷ ಹಾಕಿರ್ತಾನೆ ಅಂತ ಅವನಂದಾಗ ನಾವೂ ಚಪ್ಪಾಳೆ ತಟ್ಟಿದ್ವಿ. ಆಮೇಲೆ ಹಸಿವಿಗೆ ನಿನ್ನಕ್ಕ ಒಬಿಯಾನುಜು ಹೊಟ್ಟೆ ಊದ್ಕೊಳ್ತು, ಕೂದಲು ಕೆಂಚಾಯ್ತು. ಹಲ್ಲಿ ಸುಟ್ಟು ತಿನ್ಸಿದೆ. ಸೋಲ್ತೀವಿ ಅಂತ ಗೊತ್ತಾದ್ಮೇಲೂ ಯುದ್ಧ ಎಳೆದ ಕಣೋ ಅವನು. ಕೊನೆಗೆ ಓಡಿಹೋಗೋಕೆ ಅವನಿಗೊಂದು ವಿಮಾನ ಇತ್ತು."

"ಹಾಗಾದ್ರೆ ಅವರು ಕೆಟ್ಟೋರಾ?"

"ಆಗ ನಿನಗಿಂತ ಚಿಕ್ಕೋನು ಅವನು. ನೀನು ಮನೆಗೆ ಯಾವ ಬಣ್ಣ ಹೊಡೆಸ್ಲಿ ಅಂತ ಇನ್ನೂ ಯೋಚಿಸ್ತಾ ಇದೀಯ. ನನಗೆ ಸಾಕಾಗಿದೆ, ಎದ್ದು ಹೋಗು."

ಒಬಿಯಾನುಜು ಅತ್ತೆಯ ಚೊಚ್ಚಲ ಮಗಳು. ಸಮೃದ್ಧಿಯ ನಡುವೆ ಬಂದವಳು ಎಂದು ಆ ಹೆಸರಿನ ಅರ್ಥ. ಅವಳನ್ನು ಯಾರೂ ಹಾಡಿ ಕಳಿಸಲಿಲ್ಲ. ದಾರಿಬದಿಯಲ್ಲಿ ಹೂತು, ಬಾಂಬಿಗೆ ಹೆದರಿ ಮುಂದೆ ನಡೆದಿದ್ದರು.

ಸಭೆಯ ದಿನ ಅತ್ತೆ ತಮ್ಮ ಮಾಸಿದ ನೀಲಿ ಬಟ್ಟೆಯನ್ನೇ ಉಟ್ಟರು. "ಮಗೂನ ಕೊಡು," ಅಂದರು. ಬಗ್ಗಿ ನನ್ನ ಕೈಗೂಸನ್ನು ಬೆನ್ನಿಗೆ ಹಾಕಿಕೊಂಡು, ಆ ಹೊಸ ಬಟ್ಟೆಯನ್ನು ಸುತ್ತಿ ಎದೆಯ ಮೇಲೆ ಗಂಟು ಬಿಗಿದರು. ದಂಡನಾಯಕನ ಮುಖ ಕೂಸಿನ ಕುಂಡೆಯ ಮೇಲೆ ಬಂತು.

ಮೈದಾನದಲ್ಲಿ ಅಡಾಕು ಅಡ್ಡ ನಿಂತಳು. "ಇದೇನಮ್ಮ? ಉಡೋಕೆ ಕೊಟ್ಟಿದ್ದಲ್ವಾ?"

"ಅವತ್ತು ನನ್ನ ಮಗೂನ ಹೊರೋಕೆ ಅವನ ಕೈಲಿ ಆಗ್ಲಿಲ್ಲ. ಇವತ್ತು ಇದೊಂದನ್ನ ಹೊರಲಿ ಬಿಡೇ."

ಅಡಾಕು ಪಕ್ಕಕ್ಕೆ ಸರಿದಳು. ಹಾಗೆ ಹಸಿದು ಸತ್ತ ಮಗು ಊರಿನ ಪ್ರತಿ ಮನೆಯಲ್ಲೂ ಒಂದಿತ್ತು. ಅತ್ತೆ ನಾಲ್ಕು ಹೆಜ್ಜೆ ಕುಣಿದು, ಸುಸ್ತಾಗಿ ಬೆಂಚಿನ ಮೇಲೆ ಕೂತುಬಿಟ್ಟರು.

ಮುಂದಿನ ಧೂಳುಗಾಳಿಯ ಕಾಲಕ್ಕೆ ಅತ್ತೆ ಹೋದರು. ಮಣ್ಣಿನ ದಿನ ಬಾಗಿಲಲ್ಲಿ ನಿಂತು ಹೆಂಗಸರ ದಾರಿ ಕಾಯುತ್ತಿದ್ದೆ. ಎಲ್ಲರೂ ಬಂದರು, ಅಡಾಕುವೇ ಮುಂದೆ. ಮೊದಲು ಒಬಿಯಾನುಜುವಿನ ಹೆಸರು ಹಿಡಿದು ಹಾಡಿದರು, ಆಮೇಲೆ ಅತ್ತೆಗೆ.