ಗೊತ್ತಿಲ್ಲದ ದನಿಗೆ ಸುಳ್ಳು ಹೆಸರಿಡದಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಆರಿಹೋದ ಚಹಾ. ಸವೆದ ಹೆಡ್‌ಫೋನಿಗೆ ಹಳೆಯ ಕಾಲುಚೀಲ ಸುತ್ತಿಕೊಂಡು ಆಕೆ ಕಣ್ಣುಮುಚ್ಚಿ ಸಮುದ್ರ ಕೇಳುತ್ತಿದ್ದಾರೆ. ಕಚೇರಿಯವರು ಇವರನ್ನು ಕರೆಯುವುದೇ ‘ಕಿವಿಯಮ್ಮ’ ಎಂದು. ಇವರ ಬಗ್ಗೆ ಬರೆಯಲೆಂದು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ.

“ತಿಮಿಂಗಿಲ ಗೊಣಗಿದ್ರೂ ಕೇಳ್ಸುತ್ತೆ, ನಾನು ಕೂಗಿದ್ರೆ ಮಾತ್ರ ಕಿವುಡು!” ಒಳಕೋಣೆಯಿಂದ ಅತ್ತೆ ಚುಚ್ಚುತ್ತಾರೆ. ಸೊಸೆ ನಗುತ್ತಾರೆ, ಹೆಡ್‌ಫೋನ್ ಮಾತ್ರ ತೆಗೆಯುವುದಿಲ್ಲ.

ಕೆಲಸ ಹೇಳಲು ಸುಲಭ. ಸಮುದ್ರದಡಿಯ ಮೈಕುಗಳು ಹಿಡಿದ ತಿಮಿಂಗಿಲಗಳ ಕೂಗುಗಳನ್ನು ಕಂಪ್ಯೂಟರ್ ಜಾತಿವಾರು ವಿಂಗಡಿಸುತ್ತದೆ. ಅದು ತಡವರಿಸಿದ್ದೆಲ್ಲ ಇವರ ಕಿವಿಗೆ ಬರುತ್ತದೆ. ಯಾವ ತಿಮಿಂಗಿಲವೆಂದು ಗುಂಡಿ ಒತ್ತಬೇಕು. ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂಬ ಗುಂಡಿಯೂ ಇದೆ. ಇವರು ಒತ್ತಿದ್ದನ್ನೇ ಕಂಪ್ಯೂಟರ್ ಪಾಠವಾಗಿ ಕಲಿಯುತ್ತದೆ. ವರದಿಯಲ್ಲಿ ಹೊಗಳಿಕೆ ಮಾತ್ರ ಕಂಪ್ಯೂಟರಿಗೆ. ಇದ್ಯಾವ ನ್ಯಾಯವೋ!

ಕಳೆದ ವರ್ಷ ಒಂದು ಎಡವಟ್ಟಾಯಿತು. ಒಂದು ಜಾತಿಯ ಕೂಗುಗಳೆಲ್ಲ ಒಂದೇ ಮೈಕಿನಿಂದ ಬಂದಿದ್ದವು, ಆ ಮೈಕು ಕಟ್ಟಿದ್ದ ಹಗ್ಗ ಕಿರಗುಟ್ಟುತ್ತಿತ್ತು. ಕಂಪ್ಯೂಟರ್ ತಿಮಿಂಗಿಲವನ್ನು ಬಿಟ್ಟು ಹಗ್ಗವನ್ನು ಕಲಿತುಬಿಟ್ಟಿತ್ತು. ಹೊಸ ಹಗ್ಗ ಕಟ್ಟಿದ್ದೇ ತಡ, ಲೆಕ್ಕದಲ್ಲಿ ಆ ಜಾತಿಯೇ ಮಾಯ! “ಎಲ್ರೂ ಬೆಪ್ಪಾದ್ವಿ, ನಾನೂ ಸೇರಿ. ಅವತ್ತೇ ತೀರ್ಮಾನ ಮಾಡ್ದೆ, ತಿಳೀದೇ ಇರೋದಕ್ಕೆ ಹೆಸರು ಹಚ್ಚಲ್ಲ ಅಂತ.”

ಈಗ ಅದಕ್ಕೇ ಕುತ್ತು ಬಂದಿದೆ. ಫಲಿತಾಂಶ ಚೆನ್ನಾಗಿ ಕಾಣಬೇಕಂತೆ, ಕಚೇರಿಯವರು ‘ಗೊತ್ತಿಲ್ಲ’ ಗುಂಡಿಯನ್ನು ತೆಗೆಯುತ್ತಾರಂತೆ. ಒಪ್ಪದಿದ್ದರೆ ತಿಂಗಳ ಕೊನೆಗೆ ಕೆಲಸವಿಲ್ಲ. ಅತ್ತೆ ಸೊಸೆಯರ ಈ ಮನೆ ನಡೆಯುವುದು ಈ ಕೆಲಸದಿಂದಲೇ.

ನಾನು ಕೂತಿರುವಾಗಲೇ ಆ ಗುಂಡಿ ಕಾಣೆಯಾಗುತ್ತದೆ. ಪರದೆಯ ಮೇಲೆ ಒಂದು ಕೂಗು ಉತ್ತರಕ್ಕೆ ಕಾದಿದೆ. ಆಕೆ ಕೈಕಟ್ಟಿ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲಧಿಕಾರಿಯ ಫೋನು. ಆಕೆ ಸ್ಪೀಕರಿಗೆ ಹಾಕುತ್ತಾರೆ.

“ಯಾಕೆ ನಿಲ್ಸಿದ್ರಿ, ಕಿವಿಯಮ್ಮ? ಹತ್ತಿರದ್ದು ಯಾವುದಾದ್ರೂ ಒತ್ತಿಬಿಡಿ.”

“ಒತ್ತಲ್ಲ ಸರ್. ಆ ಗುಂಡಿ ವಾಪಸ್ ಹಾಕಿ, ಮುಂದಕ್ಕೆ ಹೋಗ್ತೀನಿ.”

“ಕೆಲಸ ಹೋಗುತ್ತಲ್ರೀ!”

“ಹೋದ್ರೆ ಹೋಗ್ಲಿ.”

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ. ಈಗ ಬೈಗುಳ ಗ್ಯಾರಂಟಿ ಅಂದುಕೊಳ್ಳುತ್ತೇನೆ. ಅವರು ಸೊಸೆಯ ಲೋಟ ಎತ್ತಿಕೊಂಡು, “ಆರಿದೆ, ಬಿಸಿ ಮಾಡ್ಕೊಂಡು ಬರ್ತೀನಿ. ನೀನು ಏಳ್ಬೇಡ,” ಎಂದು ಒಲೆಯತ್ತ ಹೋಗುತ್ತಾರೆ.

ಆಕೆ ಹೆಡ್‌ಫೋನನ್ನು ನನ್ನ ಕಿವಿಗಿಡುತ್ತಾರೆ. ಉದ್ದನೆಯ ಒಂದು ಕೂಗು ತಗ್ಗಿ, ತುಂಡಾಗಿ, ಮತ್ತೆ ಏಳುತ್ತದೆ.

“ಯಾರಿದು?”

“ಗೊತ್ತಿಲ್ಲ,” ಎನ್ನುತ್ತಾರೆ, ತಲೆ ಎತ್ತಿಯೇ. “ಗೊತ್ತಾಗೋವರೆಗೂ ಇದಕ್ಕೆ ಕಂಡೋರ ಹೆಸರು ಇಡೋಕೆ ನಾನು ಬಿಡಲ್ಲ.”